ಅಕ್ಕಡಿ ಸಾಲು: ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ರಾಗಿ ಹೊಲದಲ್ಲಿ ಇನ್ನೂ ಅಕ್ಕಡಿ ಹಾಕ್ತೀವಿ ಅಂತ ಗೊತ್ತಾದ್ರೆ ಸಾಕು, ನೆಂಟ್ರು, ಪಕ್ಕದೂರಿನವ್ರು, ಸಾಫ್ಟ್‌ವೇರ್ ಬಿಟ್ಟು ಊರಿಗೆ ಬರ್ತೀನಿ ಅಂತ ಹತ್ತು ವರ್ಷದಿಂದ ಹೇಳ್ತಾನೇ ಇರೋ ಫ್ರೆಂಡ್ಸು, ಎಲ್ರೂ ಕೇಳಿದ್ದನ್ನೇ ಕೇಳ್ತಾರೆ. ವಾಟ್ಸಾಪಲ್ಲಿ ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಹಾಕಿ ಹಾಕಿ ಗಂಟಲು ಒಣಗಿದೆ, ಅದಕ್ಕೆ ಒಂದೇ ಕಡೆ ಬರ್ದು ಇಡ್ತಿದೀನಿ. ನಮ್ದು ತುಮಕೂರು ಕಡೆ, ಕೆಂಪು ಮಣ್ಣು, ಮಳೆ ನಂಬ್ಕೊಂಡಿರೋ ಮೂರು ಚಿಲ್ಲರೆ ಎಕರೆ. ಹೇಳೋದೆಲ್ಲ ಅಲ್ಲಿಂದಾನೇ ಅಂತ ಮೊದ್ಲೇ ತಿಳ್ಕೊಳ್ಳಿ, ಕಪ್ಪು ಮಣ್ಣಿನವ್ರು ಬಂದು ಜಗಳ ತೆಗೀಬೇಡಿ.

ಅಕ್ಕಡಿ ಅಂದ್ರೆ ಏನು? ಮಿಶ್ರಬೆಳೆ ಅಂತಾರಲ್ಲ, ಅದೇನಾ?

ಹೆಚ್ಚುಕಮ್ಮಿ ಅದೇ, ಆದ್ರೆ ಎಲ್ಲಾ ಕಾಳು ಕಲಸಿ ಎರಚೋದಲ್ಲ. ಕೂರಿಗೆ, ಅಂದ್ರೆ ಎತ್ತು ಎಳೆಯೋ ಬಿತ್ತನೆ ಸಾಧನ, ಹೂಡ್ಕೊಂಡು ಮುಂದೆ ರಾಗಿ ಬಿತ್ಕೊಂಡು ಹೋಗ್ತಿರ್ತಾರೆ, ಕೂರಿಗೆ ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆ ಅಂತ ಒಂದು ಬಿದಿರಿನ ಕೊಳವೆ ಇರುತ್ತೆ, ಅದನ್ನ ಹಿಡ್ಕೊಂಡು ಒಬ್ರು, ಸಾಮಾನ್ಯವಾಗಿ ಮನೆ ಹೆಂಗಸ್ರು, ಕಾಳು ಬಿಟ್ಕೊಂಡು ಬರ್ತಾರೆ. ಆರೋ ಎಂಟೋ ಹತ್ತೋ ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಬೀಳುತ್ತೆ. ಆ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಲ್ಲೊಂದು ಇಲ್ಲೊಂದು ಜೋಳ, ಪುಂಡಿ, ಬದುವಿಗೆ ಹರಳು. ಒಬ್ಬೊಬ್ರ ಮನೇದು ಒಂದೊಂದು ಲೆಕ್ಕ.

ಇದೇನು ಮೊನ್ನೆ ಸಾವಯವದವ್ರು ಕಂಡು ಹಿಡಿದಿದ್ದಲ್ಲ ಮತ್ತೆ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಮೈಸೂರು ಸೀಮೆಯೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟ್ರು ರಾಗಿ ಕೂರಿಗೆ ಹಿಂದೆ ಅವರೆ ತೊಗರಿ ಬಿತ್ತೋದನ್ನ ಕೂತು ನೋಡಿ ಬರ್ಕೊಂಡಿದ್ದಾನೆ. ಅವನು ಬರೋ ಹೊತ್ತಿಗೇ ಅದು ಹಳೇ ಪದ್ಧತಿ.

ಯಾವಾಗ ಬಿತ್ತೋದು? ಎಲ್ಲಾ ಒಟ್ಟಿಗೆ ಕುಯ್ಲಿಗೆ ಬರುತ್ತಾ?

ಒಟ್ಟಿಗೆ ಬರಲ್ಲ, ಅದೇ ಅದರ ಗುಟ್ಟು. ಮಳೆ ಸರಿಯಾಗಿ ಹಿಡಿದ್ರೆ ಆರಿದ್ರ ಮಳೆಯಿಂದ ಪುಷ್ಯ ಮಳೆಯೊಳಗೆ, ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್ ಶುರುವೊಳಗೆ, ಬಿತ್ತನೆ ಮುಗಿಬೇಕು. ಅಲಸಂದೆ ಮೊದ್ಲು ಕಾಯಿ ಕೊಡುತ್ತೆ, ಗೌರಿ ಹಬ್ಬದ ಹೊತ್ತಿಗೆ ಸಾರಿಗೆ ಆಗುತ್ತೆ. ಆಮೇಲೆ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಹೊಲಾನೆಲ್ಲ ಜೇನು ತುಂಬಿಸುತ್ತೆ, ಕಾರ್ತಿಕದಲ್ಲಿ ಕಿತ್ತು ಕಟ್ಟಿಡ್ತೀವಿ. ಆಮೇಲೆ ರಾಗಿ ಕುಯ್ಲು. ರಾಗಿ ಕುಯ್ದ ಮೇಲೆ ಹೊಲ ಖಾಲಿ ಆಗಲ್ಲ, ಅವರೆ ಚಳಿಗೆ ಸೊಗಡು ತುಂಬ್ಕೊಂಡು ಸಂಕ್ರಾಂತಿವರೆಗೂ ಕಾಯಿ ಕೊಡ್ತಾ ಇರುತ್ತೆ, ತೊಗರಿ ಎಲ್ರಿಗಿಂತ ಕೊನೆ.

ನಾಟಿ ಅವರೆ ಹಗಲು ಚಿಕ್ಕದಾಗೋವರೆಗೂ ಹೂ ಬಿಡಲ್ಲ, ನೀವು ಎಷ್ಟು ಮುಂಚೆ ಬಿತ್ತಿದ್ರೂ ಅಷ್ಟೆ, ಬಳ್ಳಿ ಬೆಳ್ಕೊಂಡು ಕೂತಿರುತ್ತೆ. ವರ್ಷವೆಲ್ಲ ಕಾಯಿ ಬೇಕು ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವ್ರು ಹೆಬ್ಬಾಳ ಅವರೆ ತಳಿಗಳನ್ನ ಮಾಡಿದ್ದು ಇದಕ್ಕೇನೆ, ಅವಕ್ಕೆ ಹಗಲಿನ ಲೆಕ್ಕ ಇಲ್ಲ. ಒಳ್ಳೇ ತಳಿ, ಮಾರ್ಕೆಟ್‌ಗೆ ಬೆಳೆಯೋರಿಗೆ ವರದಾನ. ಆದ್ರೆ ನಮ್ಮಮ್ಮನ ಮುಂದೆ ಬೇಸಿಗೆಲಿ ಅವರೆಕಾಯಿ ಸುರೀರಿ ನೋಡಣ, ಮೂಸಿ ನೋಡಿ ದನಕ್ಕೆ ಹಾಕು ಅಂತಾರೆ.

ರಾಗಿ ಇಳುವರಿ ಕಮ್ಮಿ ಆಗಲ್ವಾ?

ಆಗುತ್ತೆ. ಸುಳ್ಳು ಯಾಕೆ ಹೇಳ್ಲಿ, ರಾಗಿ ನಿಲ್ಲೋ ಜಾಗದಲ್ಲಿ ಇನ್ನೊಂದು ನಿಂತ್ರೆ ರಾಗಿ ಸ್ವಲ್ಪ ಕಮ್ಮೀನೇ ಬರ್ಬೇಕು. ಆದ್ರೆ ತೊಗರಿ ಮೊದ್ಲ ಎರಡು ತಿಂಗ್ಳು ಬಡಕಲಾಗಿ ಸುಮ್ನೆ ನಿಂತಿರುತ್ತೆ, ರಾಗಿಗೆ ಅದ್ರಿಂದ ತೊಂದ್ರೆ ಇಲ್ಲ, ರಾಗಿ ಕುಯ್ದ ಮೇಲೆ ಅದಕ್ಕೆ ಪೂರ್ತಿ ಬಿಸಿಲು ಜಾಗ ಎರಡೂ ಸಿಗುತ್ತೆ. ಬೇರೂ ಹಂಗೇನೆ, ರಾಗಿ ಬೇರು ಮೇಲ್ಮೇಲೆ, ತೊಗರಿದು ಆಳಕ್ಕೆ. ಮೇಲೆ ಒಣಗಿದ್ರೂ ಕೆಳಗಿನ ತೇವ ಎಳ್ಕೊಳುತ್ತೆ. ಬೇಳೆಕಾಳಿನ ಬೇರಲ್ಲಿ ಗಂಟು ಗಂಟು ಇರೋದನ್ನ ಕಿತ್ತು ನೋಡಿ, ಗಾಳೀಲಿರೋ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಅದ್ರೊಳಗಿರೋದು, ಅದು ಮಾಡೋ ಕೆಲಸಕ್ಕೆ ನಾವು ಯೂರಿಯಾ ಮೂಟೆ ಹೊರೋದು.

ಯೂನಿವರ್ಸಿಟಿಯವ್ರೂ ರಾಗಿ ತೊಗರಿಗೆ 8 ಸಾಲಿಗೆ 2 ಇಲ್ಲಾ 10ಕ್ಕೆ 1 ಅಂತ ಶಿಫಾರಸು ಮಾಡ್ತಾರೆ, ಹಂಗಾಗಿ ಅಜ್ಜಿ ಮಾತು ನಂಬಲ್ಲ ಅನ್ನೋರು ಅದನ್ನಾದ್ರೂ ನಂಬಿ.

ದುಡ್ಡಿನ ಲೆಕ್ಕ ಬೇಕಾ? 2025-26ಕ್ಕೆ ಸೆಂಟ್ರಲ್ ಗೌರ್ಮೆಂಟ್ ಘೋಷಣೆ ಮಾಡಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ರಾಗಿ 4886 ರೂಪಾಯಿ, ತೊಗರಿ 8000, ಹುಚ್ಚೆಳ್ಳು 9537. ರಾಗಿ ಒಂದು ಮೂಟೆ ಕಮ್ಮಿ ಆಯ್ತು ಅಂತ ಅಳೋ ಮುಂಚೆ ಇದನ್ನ ನೋಡಿ.

ಒಂದೇ ಬೆಳೆ ಹಾಕಿದ್ರೆ ಏನ್ ತಪ್ಪು? ಎಲ್ರೂ ಹಂಗೇ ಮಾಡ್ತಿದಾರಲ್ಲ?

ನಡೀತಾ ಇರೋವರೆಗೂ ಏನೂ ತಪ್ಪಿಲ್ಲ. ಎಲ್ರೂ ಮೆಕ್ಕೆಜೋಳ ಹಾಕೋ ಕಡೆ 2018ರಲ್ಲಿ ಫಾಲ್ ಸೈನಿಕ ಹುಳ ಬಂತು, ದೇಶದಲ್ಲೇ ಮೊದ್ಲು ಕಾಣಿಸಿದ್ದು ನಮ್ಮ ಶಿವಮೊಗ್ಗದಲ್ಲಿ, ಬಂದ ಹುಳಕ್ಕೆ ಕಣ್ಣು ಹಾಯಿಸಿದಷ್ಟೂ ಅದರದ್ದೇ ಊಟ. 2022ರ ಕೊನೇಲಿ ಕಲಬುರಗಿ ತೊಗರಿಗೆ ನೆಟೆ ರೋಗ ಬಿದ್ದು ಕಾಯಿ ಕಟ್ಟೋ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತ್ವು. ರೋಗ ಬೇಡ ಬಿಡಿ, ಕೋಲಾರದ ಟೊಮೇಟೋ ನೋಡಿ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ದಾಟಿತ್ತು, ತೋಟಕ್ಕೆ ಕಾವಲು ಕೂತ್ಕೊಳ್ಳೋ ಹಂಗಾಗಿತ್ತು, ಅದನ್ನ ನೋಡಿ ಎಲ್ರೂ ನಾಟಿ ಮಾಡಿದ್ರು, ಸೆಪ್ಟೆಂಬರ್‌ಗೆ ಕೇಳೋರಿಲ್ಲ. ಹಂಗಂತ ಟೊಮೇಟೋ ಬೆಳೀಬೇಡಿ ಅಂತಲ್ಲ, ನೀರಿದ್ರೆ ಬೆಳೀರಿ, ಆದ್ರೆ ಮನೇಲಿ ತಿನ್ನಕ್ಕೆ ಒಂದು ಚೀಲ ರಾಗಿ, ಎರಡು ಸೇರು ಬೇಳೆ ಇದ್ದವನು ಆ ಸೆಪ್ಟೆಂಬರನ್ನ ತಡ್ಕೊಂಡ, ಅದೂ ಇಲ್ದೋನು ಬಡ್ಡಿಗೆ ತಂದ.

ಹುಳದ ಕಾಟ ಜಾಸ್ತಿ ಆಗಲ್ವಾ ಇಷ್ಟೊಂದು ಥರ ಇದ್ರೆ?

ಉಲ್ಟಾ. ಜೋಳದ ತೆನೆ ಮೇಲೆ ಕಾಜಾಣ ಹಕ್ಕಿ ಬಂದು ಕೂರುತ್ತೆ, ಕಾಯಿಕೊರಕ ಹುಳ ಹೆಕ್ಕುತ್ತೆ. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತೆ, ಹಂಗೇ ತೊಗರಿಗೂ ಹೋಗುತ್ತೆ. ಹರಳಿನ ಗಿಡಕ್ಕೆ ಕೆಲವು ಹುಳ ಮೊದ್ಲು ಹೋಗಿ ಮೊಟ್ಟೆ ಇಡ್ತವೆ, ಎಲೆ ಕಿತ್ತು ಹಾಕಿದ್ರೆ ಆಯ್ತು. ಪೂರ್ತಿ ಹೋಗುತ್ತಾ ಅಂದ್ರೆ ಇಲ್ಲ, ಮೋಡ ಕಟ್ಕೊಂಡು ನಿಂತ ವರ್ಷ ಅವರೆಗೆ ಹೇನು ಹತ್ತೇ ಹತ್ತುತ್ತೆ.

ಊಟದಲ್ಲಿ ಏನ್ ವ್ಯತ್ಯಾಸ? ಅಂಗಡೀಲಿ ಎಲ್ಲಾ ಸಿಗುತ್ತಲ್ಲ ಈಗ.

ಸಿಗುತ್ತೆ, ಕೊಳ್ಳೋರು ಎಷ್ಟು ಕೊಳ್ತಾರೆ ಅನ್ನೋದು ಪ್ರಶ್ನೆ. ನಮ್ಮೂರಲ್ಲೇ ನೋಡಿದೀನಿ, ಹೊಲದಲ್ಲಿ ಅವರೆ ಇದ್ದಾಗ ಎರಡು ತಿಂಗ್ಳು ದಿನಾ ಕಾಳಿನ ಸಾರು, ಹಿತಕಿದ ಬೇಳೆ, ಉಪ್ಪಿಟ್ಟಿಗೂ ಕಾಳು, ರೊಟ್ಟಿಗೂ ಕಾಳು. ಅದೇ ಮನೆಯವ್ರು ಅಕ್ಕಡಿ ಬಿಟ್ಟ ಮೇಲೆ ಬೇಳೆ ಕೆಜಿ ರೇಟು ಕೇಳಿ ಅರ್ಧ ಕೆಜಿ ಕಟ್ಟಿಸ್ಕೊಂಡು ನೀರು ಸಾರು ಮಾಡ್ತಾರೆ. ಹೊಲದಲ್ಲಿದ್ದಾಗ ಯಾರೂ ತೂಕ ಹಾಕಿ ತಿನ್ನಲ್ಲ. ಪಕ್ಕದ ಮನೆ ಹುಡ್ಗ ಬಂದು ಮಡ್ಲು ತುಂಬ ಕಾಯಿ ಕಿತ್ಕೊಂಡು ಹೋದ್ರೂ ಯಾರೂ ಕೇಳಲ್ಲ.

ರಾಗೀಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ, ಪಾಲಿಶ್ ಅಕ್ಕೀಲಿ ಹತ್ತರ ಆಸುಪಾಸು. ಆದ್ರೆ ಬರೀ ಮುದ್ದೆ ತಿಂದ್ರೆ ಆಗಲ್ಲ, ಜೊತೆಗೆ ಕಾಳು ಬೇಕು, ಸೊಪ್ಪು ಬೇಕು, ಹುಚ್ಚೆಳ್ಳು ಚಟ್ನಿಪುಡಿ ಬೇಕು. ಮುದ್ದೆಗೆ ಏನೇನು ನಂಚ್ಕೊಳ್ತೀವೋ ಎಲ್ಲಾ ಅದೇ ಹೊಲದಲ್ಲಿ ಬೆಳೀತಿತ್ತು ಅನ್ನೋದು ನೋಡಿ, ಅಡುಗೆ ಮನೆ ನೋಡ್ಕೊಂಡೇ ಯಾರೋ ಹೊಲ ಜೋಡಿಸಿದ ಹಂಗಿದೆ.

ಇನ್ನೊಂದು ಇದೆ, ಇದನ್ನ ಯಾರೂ ಬೆಳೆ ಅಂತ ಲೆಕ್ಕಕ್ಕೇ ತಗೊಳಲ್ಲ. ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಹೊನಗೊನೆ, ಕಿರಕಸಾಲೆ, ಇವನ್ನ ಯಾರೂ ಬಿತ್ತಲ್ಲ, ಕಳೆ ಕೀಳೋಕೆ ಹೋದ ಹೆಂಗಸ್ರು ಸೆರಗಲ್ಲಿ ಕಟ್ಕೊಂಡು ಬಂದು ಸಂಜೆ ಮಸ್ಸೊಪ್ಪು ಮಾಡ್ತಾರೆ. ಕಳೆನಾಶಕ ಹೊಡೆದ ಹೊಲದಲ್ಲಿ ಅದು ಹೋಯ್ತು, ಹೋಗಿದ್ದು ಯಾವ ಲೆಕ್ಕದಲ್ಲೂ ಬರಲ್ಲ ಯಾಕಂದ್ರೆ ಅದು ಇದ್ದಿದ್ದೂ ಯಾವ ಲೆಕ್ಕದಲ್ಲೂ ಇರ್ಲಿಲ್ಲ. ಅಕ್ಕಡಿ ಇದ್ರೆ ಕಳೆನಾಶಕ ಹೊಡೆಯೋಕೇ ಆಗಲ್ಲ ಅನ್ನೋದು ಇನ್ನೊಂದು, ರಾಗಿ ತಡ್ಕೊಳ್ಳೋ ಔಷಧೀನ ಅವರೆ ತಡ್ಕೊಳಲ್ಲ.

ದುಡ್ಡು ಯಾರ ಕೈಗೆ ಬರುತ್ತೆ?

ಈ ಪ್ರಶ್ನೆ ಒಬ್ಬ ಕಾಲೇಜು ಹುಡುಗಿ ಕೇಳಿದ್ಲು, ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳಿಲ್ಲ. ರಾಗಿ ದುಡ್ಡು ಖರೀದಿ ಕೇಂದ್ರದಿಂದ ಪಹಣಿ ಯಾರ ಹೆಸ್ರಲ್ಲಿದ್ಯೋ ಅವರ ಅಕೌಂಟಿಗೆ ಹೋಗುತ್ತೆ, ಅಂದ್ರೆ ನಮ್ಮಪ್ಪನಿಗೆ. ಅವರೆಕಾಯಿ ದುಡ್ಡು ಹಂಗಲ್ಲ. ಅಮ್ಮ, ಚಿಕ್ಕಮ್ಮ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಇಬ್ಬನೀಲಿ ಕಿತ್ತು, ಚೀಲ ಕಟ್ಟಿ, ಬಸ್ಸಿಗೆ ಹಾಕ್ಕೊಂಡು ಸಂತೇಲೋ ರೋಡ್ ಸೈಡಲ್ಲೋ ಕೂತು ಮಾರ್ಕೊಂಡು ಬರ್ತಾರೆ, ದುಡ್ಡು ಸೊಂಟದ ಎಲೆಅಡಿಕೆ ಚೀಲದಲ್ಲಿರುತ್ತೆ, ಯಾರಿಗೂ ಲೆಕ್ಕ ಹೇಳಲ್ಲ. ನನ್ನ ಪಿಯುಸಿ ಫೀಸು ಆ ಚೀಲದಿಂದಾನೇ ಬಂದಿದ್ದು. ಅಕ್ಕಡಿ ನಿಲ್ಸಿದ್ರೆ ಮನೆ ಆದಾಯ ಇಷ್ಟು ಕಮ್ಮಿ ಆಯ್ತು ಅಂತ ಲೆಕ್ಕ ಹಾಕ್ತಾರೆ, ಕಮ್ಮಿ ಆಗಿದ್ದು ಯಾರ್ದು ಅಂತ ಹಾಕಲ್ಲ.

ನಾನೊಬ್ನೇ ಹಾಕಿದ್ರೆ ಸಾಕಲ್ವಾ?

ಇದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ, ಅರ್ಧಕ್ಕರ್ಧ ಜನ ಸೋತಿದ್ದು ಇಲ್ಲೇ.

ರಾಗಿ ಕುಯ್ಲಾದ ಮೇಲೆ ಊರಿನ ದನ ಕುರಿ ಎಲ್ಲಾ ಹೊಲಕ್ಕೆ ಬಿಡೋದು ವಾಡಿಕೆ. ಮೊದ್ಲು ಎಲ್ರ ಹೊಲದಲ್ಲೂ ಅವರೆ ತೊಗರಿ ನಿಂತಿರ್ತಿತ್ತು, ಹಂಗಾಗಿ ಸಂಕ್ರಾಂತಿ ಕಳೆಯೋವರೆಗೂ ಯಾರೂ ಬಿಡ್ತಿರ್ಲಿಲ್ಲ, ಬಿಟ್ರೆ ಪಂಚಾಯ್ತಿ ಸೇರ್ತಿತ್ತು. ಈಗ ಹತ್ತು ಹೊಲದಲ್ಲಿ ಎಂಟು ಹೊಲದವ್ರು ಬರೀ ರಾಗಿ ಹಾಕಿ ಡಿಸೆಂಬರ್‌ಗೆ ಮಿಷಿನ್ ಬಿಟ್ಟು ಕುಯ್ದು ಕೈ ತೊಳ್ಕೊತಾರೆ, ಅವರ ಪಾಲಿಗೆ ಸುಗ್ಗಿ ಮುಗೀತು, ದನ ಬಿಡ್ತಾರೆ. ನಿಮ್ಮ ಹೊಲ ಒಂದು ಹಸಿರಾಗಿ ನಿಂತಿದೆ. ಇಡೀ ಬಯಲಿನ ಕುರಿ ಮಂದೆ ಎಲ್ಲಿಗೆ ಬರುತ್ತೆ ಹೇಳಿ. ಕುರಿ ಬಿಡಿ, ಅವಕ್ಕೆ ಕಾಯೋರಿದಾರೆ, ಬೈಬಹುದು, ನವಿಲಿಗೆ ಕೋತಿಗೆ ಹಂದಿಗೆ ಯಾರನ್ನ ಬೈತೀರಿ? ಎಲ್ರ ಹೊಲದಲ್ಲಿದ್ದಾಗ ಹಂಚ್ಕೊಂಡು ತಿಂತಿದ್ವು, ಈಗ ನಿಮ್ಮೊಬ್ರದ್ದೇ ತಿಂತವೆ. ನಾವೂ ಒಂದು ವರ್ಷ ಹಂಗೇ ತೊಗರಿ ಪೂರ್ತಿ ಕಳ್ಕೊಂಡ್ವಿ, ಅಪ್ಪ ಮುಂದಿನ ವರ್ಷ ಬೇಡವೇ ಬೇಡ ಅಂತ ಕೂತ್ರು.

ಆಮೇಲೆ ಏನ್ ಮಾಡಿದ್ವಿ ಅಂದ್ರೆ ಒತ್ತಿಗಿರೋ ನಾಲ್ಕು ಹೊಲದವ್ರನ್ನ ಒಪ್ಸಿದ್ವಿ, ದಾಯಾದಿಗಳೇ, ಅದ್ರಲ್ಲಿ ಒಬ್ರ ಜೊತೆ ಬದು ಜಗಳ ಬೇರೆ ಇತ್ತು. ಆ ನಾಲ್ಕೂ ನಮ್ದೂ ಸೇರ್ಸಿ ಒಂದೇ ತುಂಡಾಗಿ ಅಕ್ಕಡಿ ಬಿತ್ತಿದ್ವಿ, ರಾತ್ರಿ ಕಾವಲು ಸರದಿ ಮೇಲೆ. ಬೀಜ ಉಳ್ಸೋದು, ಬೆಳೆ ಕಾಯೋದು, ದನ ತಡೆಯೋದು, ಒಬ್ರ ಹೊಲದ ಕೆಲಸಕ್ಕೆ ಇನ್ನೊಬ್ರು ಮುಯ್ಯಾಳು ಹೋಗೋದು, ಇದ್ಯಾವ್ದೂ ಒಬ್ನ ಕೈಲಿ ಆಗೋ ಕೆಲಸ ಅಲ್ಲ. ಬೆಳೆ ವೈವಿಧ್ಯ ಅಂತ ಭಾಷಣದಲ್ಲಿ ಹೇಳೋರು ಬೀಜದ ಪ್ಯಾಕೆಟ್ ಕೊಟ್ಟು ಹೋಗ್ತಾರೆ, ದನ ಯಾವಾಗ ಬಿಡ್ಬೇಕು ಅಂತ ಊರು ಕೂತು ಮಾತಾಡದೆ ಆ ಪ್ಯಾಕೆಟ್ ಏನೂ ಮಾಡಲ್ಲ.

ಆಳು ಸಿಗಲ್ಲ, ಮಿಷಿನ್‌ಲ್ಲಿ ಆಗಲ್ವಾ?

ಬಿತ್ತನೆ ಆಗುತ್ತೆ. ಟ್ರ್ಯಾಕ್ಟರ್ ಸೀಡ್ ಡ್ರಿಲ್‌ಲ್ಲಿ ಬೀಜ ಬೀಳೋ ಒಂದು ತಾಳಿಗೆ, ಅಂದ್ರೆ ಒಂದು ಕೊಳವೆಗೆ, ಬೇರೆ ಬಾಕ್ಸು ಹಾಕಿ ತೊಗರಿ ಬಿಡಬಹುದು, ಸಾಲಿಂದ ಸಾಲಿಗೆ ಒಂದಡಿ ಇಟ್ಕೊಳ್ಳಿ. ರಾಗಿ ಎಕರೆಗೆ 4-5 ಕೆಜಿ ಸಾಕು, ಜಾಸ್ತಿ ಸುರೀಬೇಡಿ.

ಕುಯ್ಲು ಕಷ್ಟ, ಅದು ನಿಜ. ದೊಡ್ಡ ಕಂಬೈನ್ ಬಂದ್ರೆ ರಾಗಿ ಜೊತೆ ಅವರೇನೂ ಮಲಗುತ್ತೆ. ಕೈಯಲ್ಲೇ ಕುಯ್ಬೇಕು. ಆದ್ರೆ ಕಂಬೈನ್ ಕುಯ್ದ ರಾಗಿ ಹುಲ್ಲು ನೋಡಿದೀರಾ? ಪುಡಿ ಪುಡಿ ಆಗಿ ಹೊಲದಲ್ಲೇ ಉದುರಿರುತ್ತೆ, ಮೆದೆ ಹಾಕೋಕೆ ಬರಲ್ಲ. ಎರಡು ಸೀಮೆ ಹಸು ಇದ್ದು ಡೈರಿಗೆ ಹಾಲು ಹಾಕೋ ಮನೆಗೆ ರಾಗಿ ಹುಲ್ಲೇ ವರ್ಷದ ಮೇವು. ಆ ಹುಲ್ಲು ಕೊಳ್ಳೋ ದುಡ್ಡು ಸೇರ್ಸಿ ಲೆಕ್ಕ ಹಾಕಿದ್ರೆ ಮಿಷಿನ್ ಅಷ್ಟೇನೂ ಚೀಪಲ್ಲ. ದನ ಇಲ್ದೆ ಇರೋರಿಗೆ ಈ ಲೆಕ್ಕ ಅನ್ವಯಿಸಲ್ಲ, ಅವ್ರು ಮಿಷಿನ್ ಬಿಡ್ಲಿ, ನಾನ್ಯಾಕೆ ಬೇಡ ಅನ್ಲಿ.

ಬೀಜ ಎಲ್ಲಿ ಸಿಗುತ್ತೆ? ನಮ್ಮ ಬೀಜ ನಾವೇ ಮಾರಿದ್ರೆ ಕೇಸ್ ಆಗುತ್ತಂತೆ, ಹೌದಾ?

ಮೊದ್ಲು ಊರಲ್ಲೇ ಕೇಳಿ, ಅದ್ರಲ್ಲೂ ಅಜ್ಜೀರನ್ನ ಕೇಳಿ. ಗಂಡಸ್ರನ್ನ ಕೇಳಿದ್ರೆ ಎಲ್ಲಾ ಹೋಯ್ತು ಅಂತಾರೆ, ಅಟ್ಟದ ಮೇಲೆ ಮಡಕೇಲಿ ಏನಿದೆ ಅಂತ ಅವ್ರಿಗೆ ಗೊತ್ತಿರಲ್ಲ. ಅವರೆ ಕಾಳಿಗೆ ಬೂದಿ ಬೆರೆಸಿ, ತೊಗರಿಗೆ ಕೆಮ್ಮಣ್ಣು ಕಟ್ಟಿ, ಲಕ್ಕಿ ಸೊಪ್ಪು ಇಲ್ಲಾ ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಇಟ್ಟಿರ್ತಾರೆ, ಅಮಾವಾಸ್ಯೆಗೊಂದ್ಸಲ ಬಿಸಿಲಿಗೆ ಹಾಕ್ತಾರೆ. ಬೂದಿ ಕಾಳಿನ ಸಂದೀಲೆಲ್ಲ ತುಂಬ್ಕೊಂಡ್ರೆ ಹುಳ ಓಡಾಡೋಕೆ ಜಾಗ ಇರಲ್ಲ, ಅಷ್ಟೇ ಅದ್ರ ಸೈನ್ಸು.

ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆಯವ್ರು ಬೇರೆ ಬೇರೆ ಊರಲ್ಲಿ ದೇಸಿ ಬೀಜ ಮೇಳ ಮಾಡ್ತಾರೆ, ಅಲ್ಲಿ ಹೋದ್ರೆ ನಿಮ್ಮ ಜಿಲ್ಲೆಯವ್ರೇ ಸಿಗ್ತಾರೆ. ಭತ್ತ ಬೇಕು ಅಂದ್ರೆ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕು ಕಿರುಗಾವಲಿನ ಸೈಯದ್ ಘನಿ ಖಾನ್ ಅವ್ರು ಸಾವಿರಕ್ಕಿಂತ ಜಾಸ್ತಿ ತಳಿ ಉಳಿಸ್ಕೊಂಡಿದಾರೆ, ರಾಜಮುಡಿ ಮಾತ್ರ ಗೊತ್ತಿರೋರು ಒಂದ್ಸಲ ಹೋಗಿ ಆ ತೆನೆಗಳ ಬಣ್ಣ ನೋಡ್ಬೇಕು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಅನ್ನೋ ಹಳ್ಳೀಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವ್ರು ಸಮುದಾಯ ಬೀಜ ಬ್ಯಾಂಕ್, ಸಿರಿಧಾನ್ಯ ಮಿಲ್ಲು ಎರಡೂ ನಡೆಸ್ತಾರೆ, ಅವ್ರಿಗೆ 2025ರಲ್ಲಿ ವಿಶ್ವಸಂಸ್ಥೆ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಬೀಜ ಬ್ಯಾಂಕಂದ್ರೆ ಏನೂ ಭಾರಿ ಅಲ್ಲ, ಒಂದು ಸೇರು ತಗೊಂಡೋರು ಸುಗ್ಗಿ ಆದ್ಮೇಲೆ ಎರಡು ಸೇರು ವಾಪಸ್ ಕೊಡೋದು, ಹಿಂದೆ ಅತ್ತೆ ಸೊಸೆ ಅಕ್ಕಪಕ್ಕ ಮಾಡ್ತಿದ್ದಿದ್ದೇ, ಈಗ ರಿಜಿಸ್ಟರ್ ಇದೆ.

ಕೇಸಿನ ವಿಷ್ಯ: ಆಗಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಪ್ರಕಾರ ರೈತ ತನ್ನ ಹೊಲದ ಬೀಜ ಉಳಿಸ್ಕೋಬಹುದು, ಬಿತ್ತಬಹುದು, ಬದಲಾಯಿಸ್ಕೋಬಹುದು, ಮಾರಬಹುದು. ನೋಂದಾಯಿಸಿದ ತಳಿಯನ್ನ ಬ್ರ್ಯಾಂಡ್ ಹೆಸ್ರು, ಲೇಬಲ್ ಹಾಕಿ ಪ್ಯಾಕೆಟ್ ಮಾಡಿ ಮಾರೋ ಹಂಗಿಲ್ಲ, ಅಷ್ಟೆ.

ಒಂದು ಕಿವಿಮಾತು, ತೊಗರಿ ಜೇನಿಂದ ಬೆರಕೆ ಆಗುತ್ತೆ, ನಾಟಿ ತೊಗರಿ ಬೀಜಕ್ಕೆ ಅಂತ ಇಡೋದಾದ್ರೆ ಹೊಲದ ನಡುವಿನ ಗಿಡದಿಂದ ಆರಿಸ್ಕೊಳ್ಳಿ, ಪಕ್ಕದವ್ರ ಬದುವಿನ ಕಡೆಯಿಂದ ಬೇಡ.

ಹಂಗಾದ್ರೆ ಯೂನಿವರ್ಸಿಟಿ ತಳಿ ಎಲ್ಲಾ ವಿಷ ಅಂತೀರಾ?

ಯಾರ್ರೀ ಹೇಳಿದ್ದು? ನಾವೀಗ ಬಿತ್ತೋ ರಾಗಿ ಜಿಪಿಯು 28, ಬೆಂಕಿ ರೋಗ ತಡ್ಕೊಳುತ್ತೆ. ರಾಗಿ ಲಕ್ಷ್ಮಣಯ್ಯ ಅಂತಾನೇ ಹೆಸ್ರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರ್ಮ್‌ಲ್ಲಿ ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನ ಮಾಡಿದ್ರು, ಹೆಸರಲ್ಲೇ ಇಂಡಿಯಾ ಆಫ್ರಿಕಾ ಎರಡೂ ಇದೆ. ಅವು ಬರ್ದೇ ಇದ್ದಿದ್ರೆ ಈ ಸೀಮೆ ಎಷ್ಟೋ ಮನೇಲಿ ಎರಡು ಹೊತ್ತು ಮುದ್ದೆ ಬೇಯ್ತಿರ್ಲಿಲ್ಲ. ಅವ್ರಿಗೆ ಆ ಕೆಲಸ ಸಾಧ್ಯ ಆಗಿದ್ದೂ ಬೇರೆ ಬೇರೆ ರಾಗಿ ಇದ್ದಿದ್ರಿಂದಾನೇ, ಎಲ್ಲೆಲ್ಲೂ ಒಂದೇ ರಾಗಿ ಇದ್ದಿದ್ರೆ ಯಾವುದನ್ನ ಯಾವುದಕ್ಕೆ ಕೂಡಿಸ್ತಿದ್ರು? ರಾಗಿ ಹೊಸದು ಹಾಕಿ, ಅವರೆ ನಾಟೀದು ಹಾಕಿ, ಯಾವ ದೇವ್ರೂ ಬೇಡ ಅನ್ನಲ್ಲ.

ಸಿರಿಧಾನ್ಯ ಬೆಳೆದ್ರೆ ಲಾಭ ಜಾಸ್ತಿ ಅಲ್ವಾ?

2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತ್ತು, ಬೆಂಗ್ಳೂರಲ್ಲಿ ಮೇಳದ ಮೇಲೆ ಮೇಳ, ನವಣೆ ಪಿಜ್ಜಾ ಕೂಡ ಬಂತು. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ ಎಲ್ಲಾ ಒಳ್ಳೇವೇ, ಕೊರಲೆ ಅಂತೂ ನಮ್ಮ ಕಡೆ, ಮಧುಗಿರಿ ಪಾವಗಡ ಸುತ್ತಮುತ್ತ, ಗತಿಗೆಟ್ಟ ಮಣ್ಣಲ್ಲೂ ತಡವಾಗಿ ಬಿತ್ತಿದ್ರೂ ಬರೋ ಬೆಳೆ. ರಾಜ್ಯ ಸರ್ಕಾರದ ರೈತ ಸಿರಿ ಯೋಜನೇಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನಾನೂ ಇಟ್ರು. ತೊಂದ್ರೆ ಸಿಪ್ಪೇದು. ರಾಗಿನ ಹಂಗೇ ಬೀಸಿ ತಿನ್ನಬಹುದು, ಇವಕ್ಕೆ ಸಿಪ್ಪೆ ತೆಗೀಬೇಕು, ಹಿಂದೆ ಒರಳಲ್ಲಿ ಕುಟ್ಟಿ ಹೆಂಗಸ್ರ ರಟ್ಟೆ ಬಿದ್ದೋಗ್ತಿತ್ತು, ಅದಕ್ಕೇ ಅಲ್ವಾ ಅವ್ರೇ ಮೊದ್ಲು ಕೈ ಬಿಟ್ಟಿದ್ದು. ಹತ್ರದಲ್ಲಿ ಮಿಲ್ಲಿಲ್ಲ ಅಂದ್ರೆ ಕಾಳು ಕಾಳಾಗೇ ದಲ್ಲಾಳಿಗೆ ಕೊಡ್ಬೇಕು, ಅವನು ಕೇಳಿದ್ದೇ ರೇಟು, ಅಂಗಡೀಲಿ ಅದೇ ಅಕ್ಕಿ ಮೂರು ನಾಲ್ಕು ಪಟ್ಟು. ಮಿಲ್ ಎಲ್ಲಿದೆ ನೋಡ್ಕೊಂಡು ಬಿತ್ತಿ.

ಬೆಳೆ ವಿಮೆ, ಖರೀದಿ ಕೇಂದ್ರ ಇದೆಲ್ಲ ಹೆಂಗೆ?

ಬೆಳೆ ಸಮೀಕ್ಷೆ ಆ್ಯಪಲ್ಲಿ ಮಿಶ್ರಬೆಳೆ ಅಂತ ನೀವೇ ನಿಂತು ಫೋಟೋ ಹೊಡೆಸಿ ಹಾಕಿಸಿ. ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದ ರೈತರ ನೋಂದಣಿ ನಂಬರ್, ಎರಡಕ್ಕೂ ಬೇಕೇ ಬೇಕು. ಮುಂಗಾರಿಗೆ ವಿಮೆ ಕಂತು ವಿಮಾ ಮೊತ್ತದ 2 ಪರ್ಸೆಂಟು, ನಿಮ್ಮ ಪಂಚಾಯ್ತೀಲಿ ಇಲ್ಲಾ ಹೋಬಳೀಲಿ ಯಾವ ಬೆಳೆ ಅಧಿಸೂಚನೆ ಆಗಿದ್ಯೋ ಅದಕ್ಕೆ ಮಾತ್ರ. ಸಮೀಕ್ಷೇಲಿ ಒಂದು, ವಿಮೇಲಿ ಒಂದು ಇದ್ರೆ ಅರ್ಜಿ ಬಿದ್ದೋಗುತ್ತೆ. ನಮ್ದೊಂದು ವರ್ಷ ಹಂಗೇ ಆಯ್ತು, ರಾಗಿ ಹೊಲದಲ್ಲಿ ಹುಚ್ಚೆಳ್ಳು ಹಳದಿಯಾಗಿ ಕಂಡಿದ್ದಕ್ಕೆ ಫೋಟೋ ಹೊಡೆಯೋಕೆ ಬಂದ ಹುಡ್ಗ ಬರೀ ಹುಚ್ಚೆಳ್ಳು ಅಂತ ಹಾಕ್ಕೊಂಡು ಹೋಗಿದ್ದ. ಪಾಪ ಅವನಿಗೂ ಗೊತ್ತಿಲ್ಲ, ಅವನು ಹುಟ್ಟೋ ಹೊತ್ತಿಗೆ ಅವರೂರಲ್ಲಿ ಅಕ್ಕಡಿ ನಿಂತಿತ್ತಂತೆ.

ಎಲ್ರೂ ಅಡಿಕೆ ಹಾಕ್ತಿದಾರೆ, ನಾನೂ ಹಾಕ್ಲಾ?

ನಿಮ್ಮಿಷ್ಟ. ಬೋರ್‌ಲ್ಲಿ ಎಷ್ಟು ಇಂಚು ನೀರಿದೆ, ಇನ್ನು ಹತ್ತು ವರ್ಷಕ್ಕೆ ಎಷ್ಟಿರುತ್ತೆ, ಅದು ನಿಮಗೇ ಗೊತ್ತು. ಕೋಲಾರದ ಕಡೆ ರಾಗಿ ಹೊಲಕ್ಕೆಲ್ಲ ನೀಲಗಿರಿ ಹಾಕಿ ಊರು ಬಿಟ್ಟು ಹೋದ್ರಲ್ಲ, ಆಮೇಲೆ 2017ರಲ್ಲಿ ಸರ್ಕಾರಾನೇ ಹೊಸದಾಗಿ ನೆಡಬಾರ್ದು ಅಂತ ನಿಷೇಧ ಹಾಕ್ತು. ಹಾಕೋದು ಸುಲಭ, ಬುಡ ಕೀಳ್ಸೋಕೆ ಜೆಸಿಬಿ ಬಾಡಿಗೆ ಕೊಟ್ಟೋರನ್ನ ಕೇಳಿ.

ಉತ್ತರ ಕರ್ನಾಟಕ, ಕರಾವಳಿ ಕಡೆ ಇದೆಲ್ಲ ಇಲ್ವಾ?

ಇದೆ, ಅವ್ರವ್ರ ಮಣ್ಣಿಗೆ ತಕ್ಕಂಗೆ. ವಿಜಯಪುರ ಕಲಬುರಗಿ ಕಡೆ ಹಿಂಗಾರಿ ಬಿಳಿಜೋಳದ ಜೊತೆ ಕಡಲೆ, ಕುಸುಬೆ, ಅಗಸೆ ಹಾಕ್ತಾರೆ, ಕುಸುಬೆ ಮುಳ್ಳು ಇರೋದ್ರಿಂದ ಹೊಲದ ಸುತ್ತ ಹಾಕಿದ್ರೆ ದನ ಒಳಗೆ ಬರಲ್ಲ, ಬೇಲಿನೂ ಆಯ್ತು ಎಣ್ಣೆನೂ ಆಯ್ತು. ಎಳ್ಳಮಾಸಿ, ಅಂದ್ರೆ ಎಳ್ಳು ಅಮಾವಾಸ್ಯೆ ದಿನ ಬಂಡಿ ಕಟ್ಕೊಂಡು ಹೊಲಕ್ಕೆ ಹೋಗಿ, ನೈವೇದ್ಯದ ಚರಗ ಹೊಲಕ್ಕೆ ಚೆಲ್ಲಿ ಸಜ್ಜೆ ರೊಟ್ಟಿ, ಹತ್ತಾರು ಥರ ಕಾಳು ಸೊಪ್ಪು ಹಾಕಿದ ಭಜ್ಜಿ ತಿಂತಾರಲ್ಲ, ಆ ಭಜ್ಜಿ ಒಂದು ಸಲ ತಿಂದು ನೋಡಿ, ಹೊಲದಲ್ಲಿ ಏನೇನಿತ್ತೋ ಎಲ್ಲಾ ಆ ಪಾತ್ರೇಲಿರುತ್ತೆ.

ಕರಾವಳೀಲಿ ಕುಮಟಾ ಹತ್ರ ಮಾಣಿಕಟ್ಟಾ ಗಜನಿ, ಅಂದ್ರೆ ಉಪ್ಪು ನೀರು ಬರೋ ತಗ್ಗಿನ ಗದ್ದೆ ಬಯಲಲ್ಲಿ ಕಗ್ಗ ಅಂತ ಭತ್ತ ಇದೆ, ಅಘನಾಶಿನಿ ನದಿಗೆ ಸಮುದ್ರದ ಉಪ್ಪು ನೀರು ನುಗ್ಗಿದ್ರೂ, ನೆರೇಲಿ ಮುಳುಗಿದ್ರೂ ಎದ್ದು ನಿಲ್ಲುತ್ತೆ, ಭತ್ತ ಆದ್ಮೇಲೆ ಅದೇ ಗದ್ದೇಲಿ ಸಿಗಡಿ ಮೀನು. ಅಲ್ಲೂ ಇದೇ ಕಥೆ, ಕಟ್ಟೆ ಬಾಗಿಲು ಯಾವಾಗ ತೆಗೀಬೇಕು ಯಾವಾಗ ಮುಚ್ಚಬೇಕು ಅನ್ನೋದನ್ನ ಗದ್ದೆಯವ್ರೆಲ್ಲ ಸೇರೇ ತೀರ್ಮಾನ ಮಾಡ್ಬೇಕು, ಒಬ್ನ ಕೈಲಿ ಕಗ್ಗ ಬೆಳೆಯೋಕಾಗಲ್ಲ.

ಟೆರೇಸಲ್ಲಿ ಮಾಡ್ಬಹುದಾ?

ಇಲ್ಲ. ಅವರೆ ಬಳ್ಳಿ ಬೇಕಾದ್ರೆ ಕಂಬಿಗೆ ಹಬ್ಬಿಸ್ಕೊಳ್ಳಿ.

ಸಿಟೀಲಿರೋ ನಾವು ಏನ್ ಮಾಡ್ಬಹುದು?

ರಾಗಿ ಜೊತೆ ಹುಚ್ಚೆಳ್ಳೂ ಕೊಳ್ಳಿ, ಅಲಸಂದೆನೂ ಕೊಳ್ಳಿ, ರೋಡ್ ಸೈಡಲ್ಲಿ ಅವರೆಕಾಯಿ ಮಾರೋ ಅಮ್ಮನ ಹತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡ್ಬೇಡಿ. ಊರಲ್ಲಿ ನಿಮ್ಮ ಹೆಸ್ರಲ್ಲಿ ಜಮೀನು ಬೀಳು ಬಿದ್ದಿದ್ರೆ ಅದನ್ನ ಸೈಟ್ ಮಾಡೋ ಮುಂಚೆ ಒತ್ತಿನ ಹೊಲದವ್ರಿಗೆ ವಾರಕ್ಕೆ, ಅಂದ್ರೆ ಬೆಳೇಲಿ ಪಾಲಿಗೆ, ಕೊಡಿ. ಬೀಳು ಹೊಲದಲ್ಲಿ ಲಂಟಾನ ಬೆಳೆದು ಹಂದಿ ಮನೆ ಮಾಡ್ಕೊಳುತ್ತೆ, ಅವು ರಾತ್ರಿ ಬರೋದು ನಮ್ಮ ಹೊಲಕ್ಕೆ.

ಮೊದ್ಲ ವರ್ಷ ಎಷ್ಟು ಹಾಕ್ಲಿ?

ಅರ್ಧ ಎಕರೆ. ಎರಡೇ ಎರಡು ಅಕ್ಕಡಿ, ಅವರೆ ಮತ್ತೆ ತೊಗರಿ, ಹತ್ತು ಸಾಲಿಗೊಂದು. ಹುಚ್ಚೆಳ್ಳು ಆಮೇಲೆ ನೋಡಣ. ಬಿತ್ತೋ ಮುಂಚೆ ಪಕ್ಕದ ಹೊಲದವ್ರ ಹತ್ರ ದನದ ವಿಷ್ಯ ಮಾತಾಡ್ಕೊಂಡು ಬನ್ನಿ, ಬೀಜಕ್ಕಿಂತ ಮೊದ್ಲು ಅದು. ಸಡ್ಡೆ ಮಾಡೋರು ಈಗ ನಮ್ಮ ಕಡೆ ಒಬ್ರೋ ಇಬ್ರೋ, ಸಿಗ್ಲಿಲ್ಲ ಅಂದ್ರೆ ನಮ್ಮನೇದು ಒಯ್ಯಿರಿ, ಪುಷ್ಯ ಮಳೆಯೊಳಗೆ ವಾಪಸ್ ತಂದ್ಕೊಡಿ, ನಮ್ದೂ ಬಿತ್ತನೆ ಬಾಕಿ ಇರುತ್ತೆ.